ಅಕ್ಕ, ತಂಗಿ ಮತ್ತು ಪಕ್ಕದ ಸೀಟು

ನನ್ನ ಸೋದರಮಾವನಿಗೆ ಕಾರಿನ ಶೋರೂಮಿನಲ್ಲಿ ‘ಪಕ್ಕದ ಸೀಟು’ ಎಂದು ಹೆಸರು. ಮಾಲೀಕರಿಂದ ಹಿಡಿದು ಕಾರು ತೊಳೆಯುವವರವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ಕಾರು ಕೊಳ್ಳಲು ಬಂದವರು ಒಂದು ಸುತ್ತು ಓಡಿಸಿ ನೋಡುತ್ತೇವೆ ಎಂದರೆ, ಅವರ ಪಕ್ಕದಲ್ಲಿ ಕೂತು ಹೋಗಿ, ಕಾರನ್ನೂ ಗಿರಾಕಿಯನ್ನೂ ಇಡಿಯಾಗಿ ವಾಪಸು ತರುವುದು ಅವನ ಕೆಲಸ. ದಿನವಿಡೀ ಹೊಸ ಕಾರಿನಲ್ಲೇ ತಿರುಗುತ್ತಾನೆ, ಆದರೆ ಸ್ಟೇರಿಂಗ್ ಹಿಡಿಯುವ ಯೋಗ ಬರುವುದು ಪೆಟ್ರೋಲ್ ಹಾಕಿಸಲು ಹೋಗುವಾಗ ಮಾತ್ರ. “ನನ್ನ ಕೈಯಲ್ಲಿ ಏನೂ ಇಲ್ಲ, ಪ್ರಾಣ ಒಂದನ್ನ ಬಿಟ್ಟು” ಎಂದು ನಗುತ್ತಾನೆ.

ಆ ಕೆಲಸದ ಮೊದಲ ನಿಯಮ ಬಾಯಿ ಮುಚ್ಚಿಕೊಂಡಿರುವುದು. ಗಿರಾಕಿ ಎಂಥ ಗುಂಡಿಗೆ ಇಳಿಸಿದರೂ “ಸಸ್ಪೆನ್ಷನ್ ಹೇಗಿದೆ ನೋಡಿ ಸಾರ್” ಎನ್ನಬೇಕೇ ಹೊರತು “ಕಣ್ಣು ಕಾಣಲ್ವಾ” ಎನ್ನುವ ಹಾಗಿಲ್ಲ. ನನಗೂ ಅಲ್ಲೇ ಕೆಲಸ ಕೊಡಿಸಿದವನು ಮಾವನೇ. ರಿಪೇರಿಗೆ ಬಂದ ಕಾರು ಮನೆಗೆ ಹೋದ ಮೇಲೆ ಫೋನ್ ಮಾಡಿ “ಸರ್ವಿಸ್ ಹೇಗಿತ್ತು ಸಾರ್” ಎಂದು ಕೇಳುವುದು, ಕೇಳಿ ಬೈಸಿಕೊಳ್ಳುವುದು ನನ್ನ ಪಾಲು. ಒಬ್ಬರು ಬಾಯಿ ಬಿಡದೆ, ಒಬ್ಬರು ಕಿವಿ ಮುಚ್ಚದೆ ಒಂದೇ ಸೂರಿನಡಿ ಹೊಟ್ಟೆ ಹೊರೆಯುತ್ತಿದ್ದೆವು.

ಶೋರೂಮಿನಲ್ಲಿ ಮಾವನಿಗೆ ಪ್ರಿಯವಾದ ಎರಡು ಕಾರುಗಳಿದ್ದವು. ಎರಡೂ ಡಿಕ್ಕಿ ಹಿಂದಕ್ಕೆ ಚಾಚದ, ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಸಣ್ಣ ಹ್ಯಾಚ್‌ಬ್ಯಾಕುಗಳು. ಕಂಪನಿ ಇಟ್ಟ ಹೆಸರು ಬೇರೆ. ಮಾವ ಇಟ್ಟ ಹೆಸರು ಅಕ್ಕ, ತಂಗಿ. ಹೊರಗಿನಿಂದ ಒಂದೇ ಅಚ್ಚು, ಅದೇ ಬಾಗಿಲು, ಅದೇ ಮೂತಿ. ತಂಗಿಗೆ ಮಾತ್ರ ಟರ್ಬೊ ಎಂಜಿನ್ನು, ನೆಲಕ್ಕೆ ಹತ್ತಿರವಾದ ಮೈ, ಅಗಲ ಟೈರು, ಸೀಟಿನ ಅಂಚಿಗೆ ಕೆಂಪು ದಾರದ ಹೊಲಿಗೆ. ಅಕ್ಕನ ಸ್ಟೇರಿಂಗನ್ನು ಒಂದೇ ಬೆರಳಲ್ಲಿ ತಿರುಗಿಸಬಹುದು, ಗುಂಡಿ ಬಂದರೆ ತಾನೇ ನುಂಗಿಕೊಳ್ಳುತ್ತಾಳೆ. ತಂಗಿ ಅದನ್ನು ನೇರ ನಿಮ್ಮ ಬೆನ್ನುಮೂಳೆಗೆ ಮುಟ್ಟಿಸುತ್ತಾಳೆ. ಪೆಡಲ್ ಒತ್ತಿದರೆ ಅರೆಕ್ಷಣ ಯೋಚಿಸುತ್ತಾಳೆ, ಆಮೇಲೆ ಯಾರೋ ಬೆನ್ನಿಗೆ ಕೈಕೊಟ್ಟು ದೂಡಿದ ಹಾಗೆ ಹೊರಟುಬಿಡುತ್ತಾಳೆ.

ಬಂದವರಿಗೆ ಮಾವ ಎರಡನ್ನೂ ಓಡಿಸಲು ಹೇಳುತ್ತಿದ್ದ. ಮೊದಲು ತಂಗಿ, ಆಮೇಲೆ ಅಕ್ಕ. ಹೋಲಿಸಿ ನೋಡಲಿ ಎನ್ನುವುದು ಗಿರಾಕಿಗೆ ಹೇಳುವ ಕಾರಣ. ನನಗೆ ಹೇಳಿದ ಕಾರಣ ಬೇರೆ. “ತಂಗೀನ ಓಡಿಸುವಾಗ ಎಲ್ಲರೂ ಶಿಸ್ತಾಗಿರ್ತಾರೆ ಕಣೇ. ಒಂದು ಚೂರು ಭಯ ಇರುತ್ತೆ, ಒಂದು ಚೂರು ಜಂಬ ಇರುತ್ತೆ. ಅಕ್ಕನ ಹತ್ರ ಸದರ. ಸದರ ಸಿಕ್ಕ ಕಡೇನೇ ಮನುಷ್ಯನ ಬಂಡವಾಳ ಬಯಲಾಗೋದು.”

ಈ ಮಾತು ಮನೆಯೊಳಗೆ ನುಸುಳಿ ಕಾನೂನೇ ಆಗಿಹೋಗಿತ್ತು. ನಮ್ಮ ಬಳಗದಲ್ಲಿ ಯಾವ ಹೆಣ್ಣಿಗೆ ಯಾವ ಗಂಡು ಅಂತ ಆದರೂ, ಅವನು ಶೋರೂಮಿಗೆ ಬಂದು ಮಾವನ ಪಕ್ಕದಲ್ಲಿ ಎರಡು ಸುತ್ತು ಹಾಕದೆ ಮಾತು ಮುಂದೆ ಹೋಗುತ್ತಿರಲಿಲ್ಲ. ಹಿರಿಯರೊಬ್ಬರ ಮಗಳಿಗೆ ಗೊತ್ತು ಮಾಡಿದ್ದ ದೊಡ್ಡ ಕೆಲಸದ ಹುಡುಗನನ್ನು ಮಾವ ಫೇಲ್ ಮಾಡಿದ್ದ; ರಸ್ತೆ ದಾಟುತ್ತಿದ್ದ ಮುದುಕಿ ಎದುರು ಅವನು ಬ್ರೇಕ್ ಹಿಡಿಯದೆ ಹಾರನ್ ಹಿಡಿದಿದ್ದನಂತೆ. ನನ್ನ ಒಡಹುಟ್ಟಿದ ಅಕ್ಕನ ಗಂಡ ಹೆಜ್ಜೆಹೆಜ್ಜೆಗೂ ಎಂಜಿನ್ ಆಫ್ ಮಾಡಿಕೊಂಡು, ಹಿಂದಿನವರಿಗೆಲ್ಲ ಕೈಯೆತ್ತಿ ಕ್ಷಮೆ ಕೇಳುತ್ತ ಬಂದು ಪಾಸಾದ. ಡ್ರೈವಿಂಗ್ ಇವತ್ತಿಗೂ ಬರುವುದಿಲ್ಲ, ಸಂಸಾರ ಚೆನ್ನಾಗಿದೆ. ಹೀಗಾಗಿ ಮಾವನ ಒಂದು ‘ಪಾಸ್’ ಎಂದರೆ ನಮ್ಮಲ್ಲಿ ಕಲ್ಲಿನ ಮೇಲಿನ ಗೆರೆ.

ಈ ಸಲ ಪರೀಕ್ಷೆ ಅವನ ಸ್ವಂತ ಮಗಳು ಮೆಚ್ಚಿದ ಹುಡುಗನದಾಗಿತ್ತು. ಅವಳನ್ನು ಎಲ್ಲರೂ ಚಿನಕುರುಳಿ ಎನ್ನುತ್ತೇವೆ. ಹೆಸರಿಗೆ ತಕ್ಕ ಬಾಯಿ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎಂಥ ಹೆದರುಪುಕ್ಕಲನೂ ಅವಳ ಮಾತು ಕೇಳುತ್ತ ಕೇಳುತ್ತ ಸೂಜಿ ಚುಚ್ಚಿದ್ದೇ ತಿಳಿಯದೆ ಎದ್ದು ಹೋಗುತ್ತಾನೆ. ಅವಳಿಗೆ ಕಾರು ಕಲಿಸಿದವನು ಮಾವ. ರಜೆಯ ದಿನ ಶೋರೂಮಿಗೆ ಬಂದು, ಎಂಜಿನ್ನಿನ ಎಣ್ಣೆ ಆಗಾಗ ಬಿಸಿಯಾಗಬೇಕು ಎನ್ನುವ ನೆಪದಲ್ಲಿ ತಂಗಿಯನ್ನು ಒಂದು ಸುತ್ತು ಕೊಂಡೊಯ್ಯುತ್ತಿದ್ದಳು. ಗೇರು ಬದಲಿಸಿದ್ದು ಪಕ್ಕದವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನೇ ಎಷ್ಟೋ ಸಲ ಅವಳ ಪಕ್ಕದಲ್ಲಿ ನಿದ್ದೆ ಮಾಡಿದ್ದೇನೆ.

ಲ್ಯಾಬಿನ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದವನೊಬ್ಬ ಅವಳನ್ನು ಮೆಚ್ಚಿದ, ಇವಳೂ ಮೆಚ್ಚಿದಳು. ನೋಡಲು ಲಕ್ಷಣವಾಗಿದ್ದ, ಮಾತು ಮೆಲ್ಲಗೆ, ಮುಖದ ಮೇಲೆ ಸದಾ ಒಂದು ನಗು. ನಾನು ಅವನಿಗೆ ನಗುಮುಖ ಎಂದೇ ಹೆಸರಿಟ್ಟೆ. ದಿನಾ ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತು ಅವಳ ಕೆಲಸ ಮುಗಿಯುವುದನ್ನು ಕಾಯುತ್ತಿದ್ದ. ಅವಳು ಮಧ್ಯಾಹ್ನ ಯಾರ ಜೊತೆ ಊಟ ಮಾಡಿದಳು, ಯಾಕೆ ತಡವಾಯಿತು, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. “ಎಷ್ಟು ಕಾಳಜಿ ನೋಡು” ಎಂದು ಅತ್ತೆ ಹಿಗ್ಗುತ್ತಿದ್ದಳು. ನನಗೆ ಮಾತ್ರ ಮೊದಲ ದಿನವೇ ಅವನು ಹಿಡಿಸಲಿಲ್ಲ. ಯಾಕೆ ಎಂದರೆ ಹೇಳಲು ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡಾರು ಅಂತ ಸುಮ್ಮನಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನಲು ನನ್ನ ಹತ್ತಿರ ಸಾಕ್ಷಿಯಾದರೂ ಏನಿತ್ತು?

ಭಾನುವಾರ ಬೆಳಿಗ್ಗೆ ಇಬ್ಬರೂ ಶೋರೂಮಿಗೆ ಬಂದರು. ಮದುವೆಯಾದ ಮೇಲೆ ಓಡಾಡಲು ಒಂದು ಕಾರು ಬೇಕು, ಅಕ್ಕನೋ ತಂಗಿಯೋ ಎಂದು ನೋಡಿದ ಹಾಗೂ ಆಯಿತು, ಮಾವನ ಪರೀಕ್ಷೆ ಮುಗಿದ ಹಾಗೂ ಆಯಿತು ಅಂತ. ಪರೀಕ್ಷೆಯ ವಿಷಯ ನಗುಮುಖನಿಗೆ ಗೊತ್ತಿತ್ತು, ಚಿನಕುರುಳಿ ಬಾಯಿ ಕಟ್ಟಿಕೊಂಡಿರುವವಳಲ್ಲವಲ್ಲ. ನನಗೆ ಅವತ್ತು ಫೋನಿನ ಕೆಲಸ ಇರಲಿಲ್ಲ. ನಾನೂ ಅವಳ ಜೊತೆ ಹಿಂದಿನ ಸೀಟಿನಲ್ಲಿ ಕೂತೆ.

ತಂಗಿಯನ್ನು ಅವನು ಓಡಿಸಿದ ರೀತಿಗೆ ಹೆಸರಿಡುವ ಹಾಗಿರಲಿಲ್ಲ. ಹೊರಡುವ ಮುನ್ನ ಸೀಟು ಸರಿ ಮಾಡಿಕೊಂಡ, ನಮ್ಮೆಲ್ಲರ ಬೆಲ್ಟ್ ನೋಡಿದ. ಶಾಲೆಯ ಮುಂದೆ ರಜೆಯಿದ್ದರೂ ನಿಧಾನಿಸಿದ. ಊರಾಚೆಯ ಅಗಲ ರಸ್ತೆಗೆ ಬಂದಾಗ “ಒತ್ಲಾ ಅಂಕಲ್?” ಎಂದು ಕೇಳಿ ಒತ್ತಿದ. ತಂಗಿ ಅರೆಕ್ಷಣ ತಡೆದು ಚಿಮ್ಮಿದಳು, ನಮ್ಮ ತಲೆಗಳು ಸೀಟಿಗೆ ಅಂಟಿದವು, ಚಿನಕುರುಳಿ ಕಿಲಕಿಲ ನಕ್ಕಳು. ತಿರುವಿನಲ್ಲಿ ಕಾರು ಹಳಿಯ ಮೇಲೆ ಹೋದಂತೆ ಹೋಯಿತು. ಒಬ್ಬ ಸೈಕಲ್ಲಿನವನು ಅಡ್ಡ ಬಂದರೆ ನಿಲ್ಲಿಸಿ, ಕೈಸನ್ನೆ ಮಾಡಿ ದಾಟಿಸಿದ. ಮಾವನ ಮುಖ ಅರಳುತ್ತಲೇ ಹೋಯಿತು.

ಶೋರೂಮಿಗೆ ಮರಳಿ ಚಹಾ ಕುಡಿಯುತ್ತಿದ್ದಾಗ ಮಾವ ಬಿಡಿಭಾಗದ ಕೋಣೆಯ ಹತ್ತಿರ ಹೋಗಿ ಅತ್ತೆಗೆ ಫೋನ್ ಮಾಡಿದ. “ಪಾಸು ಕಣೇ, ಡಿಸ್ಟಿಂಕ್ಷನ್ನು!” ಎನ್ನುವುದು ನನಗೂ ಕೇಳಿಸಿತು. ಅಕ್ಕನ ಸುತ್ತು ಇನ್ನೂ ಬಾಕಿ ಇತ್ತು. ಅಷ್ಟು ವರ್ಷದಲ್ಲಿ ಯಾರಿಗೂ ಅರ್ಧ ಪರೀಕ್ಷೆಗೇ ಫಲಿತಾಂಶ ಕೊಟ್ಟವನಲ್ಲ. ಮಗಳ ವಿಷಯಕ್ಕೆ ಬಂದಾಗ ಅವನಿಗೂ ತಡೆಯಲಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಿರಾಕಿಗಳನ್ನು ಆಡಿಕೊಳ್ಳುತ್ತಿದ್ದವನು ತಾನೇ ಆತುರಪಟ್ಟ. ಚಹಾ ಆರುವ ಮೊದಲೇ ನನ್ನ ಫೋನಿಗೆ ಬಳಗದವರ ಅಭಿನಂದನೆಗಳು ಬಂದು ಬೀಳತೊಡಗಿದವು.

ಅಕ್ಕನನ್ನು ಹೊರತಂದು ನಿಲ್ಲಿಸಿದಾಗ ನಗುಮುಖ ಹೇಳಿದ: “ಅಂಕಲ್, ಇದನ್ನ ಇವಳೇ ಓಡಿಸ್ಲಿ. ಮನೆ ಕಾರು ಅಂದ್ಮೇಲೆ ಇವಳ ಕೈಗೂ ಹೊಂದ್ಬೇಕಲ್ಲ. ನಾನು ಪಕ್ಕದಲ್ಲಿ ಕೂತ್ಕೋತೀನಿ.”

“ಅದಕ್ಕೇನಪ್ಪ, ಧಾರಾಳವಾಗಿ!” ಎಂದ ಮಾವ. ಎಷ್ಟೋ ವರ್ಷದಿಂದ ಯಾರಿಗೂ ಬಿಟ್ಟುಕೊಡದ ಆ ಸೀಟನ್ನು ಸಂತೋಷವಾಗಿ ಬಿಟ್ಟುಕೊಟ್ಟು ನನ್ನ ಪಕ್ಕಕ್ಕೆ ಬಂದು ಕೂತ. “ಹಿಂದೆ ಕಾಲು ಚಾಚೋಕೆ ಇಷ್ಟು ಜಾಗ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು” ಎಂದು ನಕ್ಕ.

ಚಿನಕುರುಳಿ ಎಂಜಿನ್ ಶುರು ಮಾಡಿ, ತಲೆಯ ಮೇಲಿನ ಕನ್ನಡಿಗೆ ಕೈ ಹಾಕಿದಳು. ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. “ಹಿಂದೆ ನಾನು ನೋಡ್ಕೋತೀನಿ. ನೀನು ಮುಂದೆ ನೋಡಿದ್ರೆ ಸಾಕು.”

ಅವಳು ನಕ್ಕಳು. ನಾನು ನಗಲಿಲ್ಲ. ಚಾಚಿದ್ದ ಮಾವನ ಕಾಲು ಹಾಗೇ ಒಳಕ್ಕೆ ಬಂತು.

ಕಾರು ಹೊರಟಿತು. “ಗೇರ್” ಎಂದ. ಅವಳು ಬದಲಿಸುವವಳೇ ಇದ್ದಳು, ಅವನು ಹೇಳಿದ್ದರಿಂದ ಅರೆಕ್ಷಣ ತಡೆದು ಬದಲಿಸಿದಳು. “ಈಗ್ಲೇ ಅಲ್ಲ” ಎಂದ. ಮತ್ತೆ ಕೆಳಗಿಳಿಸಿದಳು. “ಈಗ. ಈಗ. ಹೇಳಿದ್ನಲ್ಲ.” ದನಿ ಒಂದು ಚೂರೂ ಏರಲಿಲ್ಲ. ನಗು ಒಂದು ಚೂರೂ ಇಳಿಯಲಿಲ್ಲ. ಮಗುವಿಗೆ ತುತ್ತು ತಿನ್ನಿಸುವವರ ಹಾಗೆ ಒಂದರ ಹಿಂದೊಂದು ಮಾತು. ಎಡಕ್ಕೆ. ಇಷ್ಟು ಎಡಕ್ಕೆ ಅಲ್ಲ. ಕ್ಲಚ್ ಮೇಲೆ ಯಾಕೆ ಕಾಲು? ಅವನನ್ನ ಯಾಕೆ ಮುಂದೆ ಬಿಟ್ಟೆ? ಅವಳು ಮೊದಮೊದಲು “ಗೊತ್ತು ಮಾರಾಯ” ಎಂದು ತಮಾಷೆ ಮಾಡಿದಳು. ಆಮೇಲೆ “ಹೂಂ” ಎಂದಳು. ಆಮೇಲೆ ಏನೂ ಹೇಳಲಿಲ್ಲ. ಚಿನಕುರುಳಿ ಸುಮ್ಮನಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೆ ಭಯವಾಯಿತು.

ಸಿಗ್ನಲ್ಲಿನಲ್ಲಿ ಹಸಿರು ಬಂತು. ಅವಳು ಗೇರ್ ಹಾಕಲು ಹೋದಾಗ ಅವನ ಕೈ ಅವಳ ಕೈಯ ಮೇಲೆ ಬಂದು ಕೂತಿತು. ಪ್ರೀತಿಯಿಂದ ಇಟ್ಟ ಕೈ ಎನ್ನಬೇಕು, ಆದರೆ ಅದು ಮೇಲೇಳಲಿಲ್ಲ. ಅವಳಿಗೆ ಗೇರ್ ಹಾಕಲಾಗಲಿಲ್ಲ, ಕ್ಲಚ್ ಬಿಟ್ಟುಹೋಯಿತು, ಕಾರು ಕುಲುಕಿ ಆಫ್ ಆಯಿತು. ಹಿಂದೆ ಹಾರನ್ನುಗಳ ಮಳೆ. ಅವಳ ಕಿವಿ ಕೆಂಪಾಯಿತು. “ಪರವಾಗಿಲ್ಲ, ಗಾಬರಿಯಾಗ್ಬೇಡ. ನಾನಿದೀನಲ್ಲ” ಎಂದ ಅವನು, ಹಿಂದೆ ತಿರುಗಿ ನಮಗೆ ಕಣ್ಣು ಹೊಡೆದ. “ಅಂಕಲ್, ಚೆನ್ನಾಗಿ ಓಡಿಸ್ತಾಳೆ ಅಂದಿದ್ರಿ!”

ಮಾವ ನಗಲು ನೋಡಿದ. ತುಟಿ ಎಳೆದುಕೊಂಡಿತು, ಅಷ್ಟೆ. ಅವನ ಕಣ್ಣು ಮಗಳ ಕೈಯ ಮೇಲಿತ್ತು. ಆ ಕೈಗಳು ಸ್ಟೇರಿಂಗನ್ನು ನೀರಲ್ಲಿ ಮುಳುಗುವವರು ಹಗ್ಗ ಹಿಡಿದಂತೆ ಹಿಡಿದಿದ್ದವು. ಒಂದು ಬೆರಳಲ್ಲಿ ತಿರುಗುವ ಸ್ಟೇರಿಂಗು ಅದು.

ಮುಂದಿನ ಸರ್ಕಲ್ಲಿನಲ್ಲಿ ಬಲಗಡೆಯಿಂದ ಒಂದು ಸ್ಕೂಟರ್ ಜೋರಾಗಿ ಬರುತ್ತಿತ್ತು. ನನಗೆ ಕಂಡಿತು. ಅವಳಿಗೂ ಕಂಡಿತು, ತಲೆ ಆ ಕಡೆ ತಿರುಗಿದ್ದನ್ನು ನಾನು ನೋಡಿದೆ. ಅವಳ ಕಾಲು ಬ್ರೇಕಿನ ಕಡೆ ಹೋಗುತ್ತಿತ್ತು.

“ಹೋಗು” ಎಂದ ಅವನು.

ಅವಳು ಹೋದಳು.

ಸ್ಕೂಟರಿನವನು ಹೇಗೆ ತಪ್ಪಿಸಿಕೊಂಡನೋ ದೇವರೇ ಬಲ್ಲ. ಬಾಗಿಲ ಹೊರಗಿನ ಕನ್ನಡಿಗೆ ಅವನ ಮೊಣಕೈ ಸವರಿ, ಅವನು ಓಲಾಡಿ, ಮತ್ತೆ ನೆಟ್ಟಗಾಗಿ, ಕೂಗಾಡುತ್ತ ಹೋದ. ಕಾರು ರಸ್ತೆಯ ನಡುವೆ ನಿಂತಿತು.

“ನೋಡಿ ಓಡಿಸ್ಬಾರ್ದಾ ಚಿನ್ನ?” ಎಂದ ಅವನು.

“ಸಾರಿ” ಎಂದಳು ಅವಳು.

ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ಬಿಟ್ಟು ಅವನು ಹೇಳಿದ್ದನ್ನು ನಂಬಿದಳು. ಅದಕ್ಕಿಂತ ಕೆಟ್ಟದ್ದೆಂದರೆ ಸಾರಿ ಕೇಳಿದವಳೂ ಅವಳೇ. ಮಾವ ನನ್ನ ಮಣಿಕಟ್ಟು ಹಿಡಿದಿದ್ದ. ಯಾವಾಗ ಹಿಡಿದನೋ ಅವನಿಗೂ ಗೊತ್ತಿರಲಿಲ್ಲ. “ಶೋರೂಮಿಗೆ ಹೋಗೋಣಮ್ಮ” ಎಂದ ಮಗಳಿಗೆ. ಉತ್ತರ ಕೊಟ್ಟವನು ನಗುಮುಖ. “ಇನ್ನೊಂದು ಸುತ್ತು ಹೋಗ್ತಾಳೆ ಅಂಕಲ್. ಹೀಗೇ ಬಿಟ್ರೆ ಭಯ ಉಳ್ಕೊಂಡ್ಬಿಡುತ್ತೆ.” ಇನ್ನೊಂದು ಸುತ್ತು ಹೋದೆವು.

ಮರಳಿ ಬಂದಾಗ ಸೇಲ್ಸ್‌ಮನ್ ಓಡಿಬಂದು ಕೇಳಿದ, ಅಕ್ಕನೋ ತಂಗಿಯೋ? ನಗುಮುಖ ಬಹಳ ತಿಳಿದವನಂತೆ ಹೋಲಿಸಿ ಹೇಳಿದ. ತಂಗಿಯ ಎಂಜಿನ್ನಿಗೆ ಸಾಟಿಯಿಲ್ಲ, ಬ್ರೇಕು ಕಚ್ಚಿ ಹಿಡಿಯುತ್ತೆ, ತಿರುವಿನಲ್ಲಿ ಮೈ ವಾಲುವುದಿಲ್ಲ; ಅಕ್ಕನದು ಮೆತ್ತಗಿನ ಸಸ್ಪೆನ್ಷನ್ನು, ಎಳೆತ ಕಮ್ಮಿ, ಆದರೆ ತಪ್ಪನ್ನು ಸಹಿಸಿಕೊಳ್ಳುತ್ತೆ. “ತಂಗಿ ಇವಳ ಕೈಗೆ ಆಗೋ ಕಾರಲ್ಲ ಬಿಡಿ. ನೋಡಿದ್ವಲ್ಲ ಈಗ. ಅಕ್ಕನೇ ಸರಿ” ಎಂದ.

ವರ್ಷವಿಡೀ ತಂಗಿಯ ಕೀಲಿಗಾಗಿ ಮಾವನ ಜೇಬಿಗೆ ಕೈಹಾಕುತ್ತಿದ್ದ ನನ್ನ ಚಿನಕುರುಳಿ ನೆಲ ನೋಡುತ್ತ ಹೇಳಿದಳು: “ಹೌದು. ನಂಗೆ ಅಕ್ಕನೇ ಸರಿ.”

ಅವನು ಸೇಲ್ಸ್‌ಮನ್ ಜೊತೆ ಬಣ್ಣ ನೋಡಲು ಉಳಿದ. ನಾವು ಮೂವರು ಮಾವನ ಮನೆಗೆ ಬಂದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಮುಖ ಹೊಳೆಯುತ್ತಿತ್ತು. ಮೇಜಿನ ಮೇಲೆ ಒಳ್ಳೆಯ ತಟ್ಟೆಗಳನ್ನು ಜೋಡಿಸಿದ್ದಳು. ಚಿನಕುರುಳಿ ತಲೆನೋವು ಎಂದು ತಟ್ಟೆಯ ಮುಂದೆ ಸುಮ್ಮನೆ ಕೂತಳು. ಮಾವ ಕೈ ತೊಳೆದು ಬಂದ, ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತುಕೊಂಡೇ ಹೇಳಿದ.

“ಫೇಲು.”

“ಏನು ಫೇಲು?” ಎಂದಳು ಅತ್ತೆ.

“ಅವನು. ಈ ಮದುವೆ ಬೇಡ.”

“ಬೆಳಿಗ್ಗೆ ಡಿಸ್ಟಿಂಕ್ಷನ್ನು ಅಂದ್ರಿ! ಬಳಗಕ್ಕೆಲ್ಲ ಹೇಳಿ ಆಯ್ತು. ಈಗ ಏನಾಯ್ತು, ಅವನು ಬೈದ್ನಾ?”

“ಇಲ್ಲ.”

“ಕೈ ಎತ್ತಿದ್ನಾ? ಕುಡಿದಿದ್ನಾ? ಗಾಡಿ ಗುದ್ದಿದ್ನಾ?”

“ಓಡಿಸಿದ್ದು ಇವಳು.”

“ಹಾಗಾದ್ರೆ ಅವನದೇನು ತಪ್ಪು?”

ಮಾವ ಬಾಯಿ ತೆರೆದ. ಕ್ಲಚ್ಚಿನ ಮೇಲೆ ಕಾಲಿಡುವವನು, ಹಾರನ್ನಿನ ಹುಚ್ಚು ಇರುವವನು, ದಾರಿ ಬಿಡದವನು, ಡ್ರೈವರ್ ಸೀಟಿನಲ್ಲಿ ಕೂತವರ ದೋಷಕ್ಕೆಲ್ಲ ಅವನ ಹತ್ತಿರ ಹೆಸರಿತ್ತು. ತಾನು ದಿನಾ ಕೂರುವ ಸೀಟಿನಲ್ಲಿ ಕೂತು ಒಬ್ಬ ಮನುಷ್ಯ ಮಾಡಬಹುದಾದ ಕೇಡಿಗೆ ಅವನ ಹತ್ತಿರ ಒಂದು ಪದವೂ ಇರಲಿಲ್ಲ. “ಕನ್ನಡಿ ತನ್ನ ಕಡೆ ತಿರುಗಿಸ್ಕೊಂಡ” ಎಂದ. “ಒಂದೇ ಸಮ ಹೇಳ್ತಾನೇ ಇದ್ದ. ಗೇರ್ ಹಾಕು, ತೆಗಿ, ಎಡಕ್ಕೆ, ಬಲಕ್ಕೆ. ನನ್ನ ಮಗಳಿಗೆ ಗಾಡಿ ಓಡಿಸೋದೇ ಮರೆತುಹೋಯ್ತು ಕಣೇ. ಅರ್ಧ ಗಂಟೇಲಿ. ನನ್ನ ಕಣ್ಣೆದುರಿಗೆ.”

“ಅಪ್ಪ, ಅದು ನನ್ನದೇ ತಪ್ಪು, ನಾನೇ ಸರಿಯಾಗಿ ಓಡಿಸ್ಲಿಲ್ಲ” ಎಂದಳು ಚಿನಕುರುಳಿ ತಟ್ಟೆ ನೋಡುತ್ತ.

ಅತ್ತೆ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಮಾವನನ್ನೇ ನೋಡಿದಳು. ಅವಳ ಮುಖದ ಹೊಳಪು ಹೋಗಿ ಅಲ್ಲಿ ಏನೋ ಬೇರೆ ಬಂತು. ಅದು ಸಿಟ್ಟೂ ಅಲ್ಲ.

“ಇದೇನಾ?” ಎಂದಳು. “ಇಷ್ಟೇನಾ? ಇದಕ್ಕೆ ಫೇಲ್ ಮಾಡೋದಾದ್ರೆ ನಿಮ್ಮನ್ನ ಯಾರು ಪಾಸ್ ಮಾಡಿದ್ದು?”

ಮಾವ ಅರ್ಥವಾಗದೆ ನೋಡಿದ. ನಾನೂ ನೋಡಿದೆ.

“ನಾನು ನಮ್ಮಪ್ಪನ ಬೇಕರಿ ವ್ಯಾನ್ ಓಡಿಸ್ತಿದ್ದೆ” ಎಂದಳು ಅತ್ತೆ, ನನ್ನ ಕಡೆ ತಿರುಗಿ, ಬೇರೆ ಯಾರದೋ ಕಥೆ ಹೇಳುವ ಹಾಗೆ. “ಮದುವೆಗೆ ಮುಂಚೆ. ದಿನಾ ಬೆಳಿಗ್ಗೆ ಊರೆಲ್ಲ ಬ್ರೆಡ್ ಹಾಕಿ ಬರ್ತಿದ್ದೆ. ಲೈಸೆನ್ಸ್ ಇತ್ತು. ಮದುವೆಯಾದ ಮೇಲೆ ನಿಮ್ಮ ಮಾವ ಪಕ್ಕದಲ್ಲಿ ಕೂರೋಕೆ ಶುರು ಮಾಡಿದ್ರು. ಗೇರ್ ಹಾಕು, ತೆಗಿ. ಎಡಕ್ಕೆ, ಬಲಕ್ಕೆ. ಬೈತಿರ್ಲಿಲ್ಲಪ್ಪ, ಪಾಪ, ಯಾವತ್ತೂ ಬೈದವರಲ್ಲ. ಒಂದು ದಿನ ಸ್ಟೇರಿಂಗ್ ಹಿಡಿದ್ರೆ ಕೈ ನಡುಗೋಕೆ ಶುರುವಾಯ್ತು. ಕೀಲಿ ಕೊಟ್ಬಿಟ್ಟೆ.”

“ನೀನೇ ಬೇಡ ಅಂದೆಯಲ್ಲೇ” ಎಂದ ಮಾವ.

“ಹೌದು. ನಾನೇ ಬೇಡ ಅಂದೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನೀವು ಬೈದ್ರಾ? ಕೈ ಎತ್ತಿದ್ರಾ? ಇವಳಿಗೆ ಕಲಿಸೋ ಹೊತ್ತಿಗೆ ಶೋರೂಮಿನವರು ನಿಮ್ಮ ಬಾಯಿಗೆ ಬೀಗ ಹಾಕಿದ್ರು, ಅದು ಇವಳ ಪುಣ್ಯ. ನಾನು ಅದಕ್ಕೆ ಮುಂಚಿನವಳು.” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. “ತಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದವರ ತಟ್ಟೇಲಿ ನೊಣ ತೋರಿಸೋಕೆ ಬಂದ್ರು.”

ಹೇಳಿ ಮುಗಿಸಿದವಳೇ ಸೆರಗು ಕೆಳಗೆ ಬಿಟ್ಟಳು. ತಾನು ಆಡಿದ್ದು ತನ್ನ ಕಿವಿಗೇ ಆಗ ಬಿದ್ದಂತಿತ್ತು. ನೊಣ ಎಂದದ್ದು ನೊಣವಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳ ಕಡೆ ತಿರುಗಿದಳು. ಚಿನಕುರುಳಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಎತ್ತಲು ಹೋದವಳ ಕೈಯ ಮೇಲೆ ಕೈಯಿಟ್ಟು ಅತ್ತೆ, “ಮೊದಲು ಊಟ ಮಾಡು” ಎಂದಳು. ಒಂದು ಕ್ಷಣಕ್ಕೆ ಆ ಕೈಯನ್ನು ತಾನೇ ನೋಡಿ, ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ಎಳೆದುಕೊಂಡಳು. “ನಿಂಗೆ ಬೇಕಿದ್ರೆ ಎತ್ತು.”

ಚಿನಕುರುಳಿ ಎತ್ತಲಿಲ್ಲ. ಫೋನು ನಿಂತಿತು. ಮತ್ತೆ ಶುರುವಾಯಿತು. ನಿಂತಿತು, ಶುರುವಾಯಿತು. ಮೇಜಿನ ಮೇಲೆ ಗುರ್ ಎಂದು ಅದುರುತ್ತ ಅದು ತಾನೇ ತಟ್ಟೆಯ ಕಡೆ ಸರಿಯುತ್ತಿತ್ತು. ನಾವು ನಾಲ್ವರೂ ಅದನ್ನೇ ನೋಡುತ್ತಿದ್ದೆವು. ಕೊನೆಗೆ ಫೋನು ಸುಮ್ಮನಾಯಿತು. ಅಬ್ಬ ಎಂದುಕೊಂಡೆ. ಅಷ್ಟರಲ್ಲಿ ಮನೆಯ ಮುಂದೆ ಕಾರು ನಿಂತ ಸದ್ದು ಕೇಳಿಸಿತು. ಎಂಜಿನ್ನಿನ ದನಿಯಿಂದಲೇ ಮಾವನಿಗೆ ಗೊತ್ತಾಯಿತು. “ಅಕ್ಕ” ಎಂದ.

ಎಲ್ಲರೂ ಬಾಗಿಲಿಗೆ ಬಂದು ನೋಡಿದರೆ ನಗುಮುಖ ಗೇಟಿನ ಹತ್ತಿರ ನಿಂತಿದ್ದ. ಹಿಂದೆ ಶೋರೂಮಿನ ಅಕ್ಕ. ‘ಪಕ್ಕದ ಸೀಟಿನ ಅಳಿಯ ಆಗೋರು’ ಅಂತ ಸೇಲ್ಸ್‌ಮನ್ ಕೀಲಿ ಕೊಟ್ಟು ಕಳಿಸಿದ್ದನಂತೆ.

“ಫೋನ್ ಎತ್ಲಿಲ್ಲ, ಗಾಬರಿಯಾಯ್ತು” ಎಂದ ಅವನು ನಗುತ್ತ, ನಮ್ಮೆಲ್ಲರ ಮೇಲಿಂದ ಅವಳನ್ನೇ ನೋಡುತ್ತ. “ಇವಳು ಇನ್ನೊಂದು ಸಲ ಓಡಿಸ್ಲಿ ಅಂತ ತಂದೆ. ಬೆಳಿಗ್ಗೆ ಭಯ ಹೋಗ್ಲೇ ಇಲ್ಲವಲ್ಲ. ಊರಾಚೆ ಖಾಲಿ ರಸ್ತೆಗೆ ಹೋಗೋಣ. ನಾವಿಬ್ರೇ. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ. ಬಾ.”

ಬಿಸಿಲಿನಲ್ಲಿ ರಸ್ತೆ ಖಾಲಿ ಬಿದ್ದಿತ್ತು. ನಾನು ಮಾವನ ಮುಖ ನೋಡಿದೆ. ಬೇಡ, ಹೋಗಬೇಡ ಎಂದು ಅವನು ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ಈಗ ತಾನು ಏನು ಹೇಳಿದರೂ ಅದು ಮಗಳ ಪಾಲಿಗೆ ಇನ್ನೊಂದು ಪಕ್ಕದ ಸೀಟಿನ ದನಿಯೇ ಎನ್ನುವುದು ಊಟದ ಮೇಜಿನಲ್ಲಿ ಅವನಿಗೆ ತಿಳಿದಿತ್ತು. ತಿಳಿದು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವಾಯಿತೋ, ಬಾಗಿಲ ಚೌಕಟ್ಟು ಹಿಡಿದ ಅವನ ಬೆರಳುಗಳು ಬಿಳ್ಚಿಕೊಂಡಿದ್ದವು. ನಾನಾದರೂ ಹೇಳಬಹುದಿತ್ತು.

ಚಿನಕುರುಳಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ಅತ್ತೆಯ ಬಾಯಿಂದ ಸಣ್ಣ ಸದ್ದೊಂದು ಬಂತು. ಮಗಳು ಕೀಲಿಗೆ ಕೈ ಚಾಚಿದಳು, ನಗುಮುಖ ಕೊಟ್ಟ, “ಜಾಣೆ” ಎಂದ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಅವನು ಕಾರಿನ ಮುಂದಿನಿಂದ ಸುತ್ತಿ ಪಕ್ಕದ ಬಾಗಿಲಿಗೆ ಬಂದು ಹಿಡಿಕೆ ಎಳೆದ. ಬಾಗಿಲು ತೆರೆಯಲಿಲ್ಲ. ಮತ್ತೆ ಎಳೆದ. ಬಗ್ಗಿ ಗಾಜು ತಟ್ಟಿ, ಲಾಕ್ ತೆಗೆ ಎಂದು ಬೆರಳಲ್ಲಿ ತೋರಿಸಿದ.

ಅವಳು ಅವನ ಕಡೆ ನೋಡಲಿಲ್ಲ. ಕೈಯೆತ್ತಿ, ತಲೆಯ ಮೇಲಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಕಾರು ಒಂದಿಷ್ಟೂ ಕುಲುಕದೆ ಹೊರಟಿತು. ಗೇರು ಬದಲಾದದ್ದು ಗೊತ್ತೇ ಆಗಲಿಲ್ಲ. ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು.

ನನಗೆ ಕೂಗಿ ಕುಣಿಯಬೇಕು ಅನ್ನಿಸಿತು. ಆಗ ನಗುಮುಖ ನಮ್ಮ ಕಡೆ ತಿರುಗಿದ. ಮುಖದಲ್ಲಿ ನಗು ಇರಲಿಲ್ಲ. ಅದಿಲ್ಲದ ಆ ಮುಖವನ್ನು ನಾವು ಯಾರೂ ಅಲ್ಲಿಯವರೆಗೆ ನೋಡೇ ಇರಲಿಲ್ಲ. ಆಮೇಲೆ ನಗು ನಿಧಾನವಾಗಿ ತನ್ನ ಜಾಗಕ್ಕೆ ಮರಳಿತು. ಅವನು ಗೇಟು ತೆರೆದು ಒಳಗೆ ಬಂದು, ನಮ್ಮ ಮೆಟ್ಟಿಲಿನ ಧೂಳು ಕೈಯಲ್ಲಿ ಒರೆಸಿ, ಕೂತುಕೊಂಡ.

“ಬರ್ತಾಳಲ್ಲ” ಎಂದ. “ಎಲ್ಲಿಗೆ ಹೋಗ್ತಾಳೆ?”

“ಬರ್ತಾಳೆ” ಎಂದಳು ಅತ್ತೆ. “ನೀವು ಹೋದ್ಮೇಲೆ.”

ಅವನು ಕೇಳಿಸದವನಂತೆ ಬೀದಿಯ ಕಡೆ ನೋಡುತ್ತ ಕೂತ. ಮಾವ “ಎದ್ದೇಳಿ” ಎಂದ, ಆಮೇಲೆ “ಏಳಯ್ಯ” ಎಂದ. ಅವನು ಏಳಲಿಲ್ಲ. ಮಾವ ನಮ್ಮಿಬ್ಬರನ್ನು ಒಳಗೆ ಕರೆದು ಚಿಲಕ ಹಾಕಿ, ಗೊತ್ತಿದ್ದ ಪೊಲೀಸ್ ಒಬ್ಬರಿಗೆ ಫೋನ್ ಹಚ್ಚಿದ. ನಾನೂ ಅತ್ತೆಯೂ ಕಿಟಕಿಯ ಪರದೆಯ ಹಿಂದೆ ನಿಂತೆವು. ಮಗಳು ಹೊರಗೆ ಹೋದರೆ ಕಾರಿನ ಸದ್ದು ಯಾವಾಗ ಕೇಳಿಸೀತು ಎಂದು ಕಿವಿ ಬಾಗಿಲಲ್ಲಿಟ್ಟು ಕಾಯುತ್ತಿದ್ದ ಮನೆ ಅದು. ಅವತ್ತು ಮೊದಲ ಸಲ, ಅವನು ಆ ಮೆಟ್ಟಿಲು ಬಿಟ್ಟು ಏಳುವವರೆಗೂ ಅಕ್ಕನ ಸದ್ದು ಕೇಳಿಸದಿರಲಿ ಎಂದು ಮೂವರೂ ದೇವರನ್ನು ಬೇಡಿಕೊಂಡೆವು.